ದೊಡ್ಡ ಕ್ಯಾಮ್ ಹಾಕಿದ ಮೇಲೆ ಬ್ರೇಕ್‌ಗೆ ವ್ಯಾಕ್ಯೂಮ್ ಹೊಂದಿಸಿದ್ದು

ಗಾಡಿ ಹಳೆಯ ಶೆವರ್ಲೆ. ಎಂಜಿನ್ 350 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ವಿ8, ಮೇಲೆ ನಾಲ್ಕು ಬ್ಯಾರಲ್‌ನ ಹಾಲಿ ಕಾರ್ಬೊರೇಟರ್, ಹಿಂದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಎಳೆಯುವ ಶಕ್ತಿ) ಬಳಸಿ ಕಾಲಿಗೆ ಸಹಾಯ ಮಾಡುವ ಬೂಸ್ಟರ್ 11 ಇಂಚಿನ ಒಂಟಿ ಡಯಾಫ್ರಮ್‌ದು. ಕಂಪನಿ ಕ್ಯಾಮ್ (ವಾಲ್ವ್ ತೆರೆದು ಮುಚ್ಚುವ ಶಾಫ್ಟ್) ತೆಗೆದು, ವಾಲ್ವ್ ಹೆಚ್ಚು ಹೊತ್ತು ತೆರೆದಿಡುವ ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿದ್ದೇನೆ. ಅದರ ಕಾರ್ಡ್‌ನಲ್ಲಿ ಬರೆದಿರುವುದು: ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ) 280 ಡಿಗ್ರಿ, 0.050 ಇಂಚು ಲಿಫ್ಟ್‌ನಲ್ಲಿ 230, ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನ) 110.

ಎಂಜಿನ್ ವಿಷಯದಲ್ಲಿ ದೂರಿಲ್ಲ. 2500 ಆರ್‌ಪಿಎಂ ದಾಟಿದ ಮೇಲೆ ಇದು ಮೊದಲಿನ ಗಾಡಿಯೇ ಅಲ್ಲ. ಐಡ್ಲಿಂಗ್‌ನಲ್ಲಿ ಆ ಕುಲುಕಾಟವೂ ಬಂದಿದೆ. ಅರ್ಧ ಜನ ಈ ಕ್ಯಾಮ್ ಹಾಕೋದೇ ಅದಕ್ಕೆ ಅಲ್ವಾ! ಕೆಟ್ಟಿದ್ದು ಬ್ರೇಕ್. ಪಾರ್ಕ್ ಮಾಡುವಾಗ, ಟ್ರಾಫಿಕ್‌ನಲ್ಲಿ ತೆವಳುವಾಗ ಮೊದಲ ಸಲ ಪೆಡಲ್ ತುಳಿದರೆ ಸರಿಯಾಗಿರುತ್ತದೆ. ತಕ್ಷಣ ಇನ್ನೊಮ್ಮೆ ತುಳಿದರೆ ಗಟ್ಟಿ. ಮೂರನೇ ಸಲಕ್ಕೆ ಬೂಸ್ಟರ್ ಸಹಾಯ ಹೆಚ್ಚು ಕಡಿಮೆ ಇಲ್ಲ, ಕಾಲಿನ ಬಲವೇ ಗತಿ.

ವೇಗದಲ್ಲಿ ಓಡುವಾಗ ಈ ತೊಂದರೆ ಕಾಣಿಸುವುದಿಲ್ಲ, ಅದೇ ಮೋಸ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ. ಆಗ ದೊಡ್ಡ ಕ್ಯಾಮ್ ಇದ್ದರೂ ವ್ಯಾಕ್ಯೂಮ್ ಧಾರಾಳವಾಗಿ ಸಿಗುತ್ತದೆ. ಹಾಗಾಗಿ ಒಂದು ಸುತ್ತು ಓಡಿಸಿ ಬಂದು "ಬ್ರೇಕ್ ಚೆನ್ನಾಗಿದೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಪರೀಕ್ಷೆ ಮಾಡಿದ ಜಾಗ ಬೇರೆ, ಅಷ್ಟೇ.

ವ್ಯಾಕ್ಯೂಮ್ ಎಲ್ಲಿಗೆ ಹೋಯಿತು

ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಹೊತ್ತೇ ಓವರ್‌ಲ್ಯಾಪ್. ಎಂಜಿನ್ ಜೋರಾಗಿ ಓಡುವಾಗ ಹೊರಗೆ ನುಗ್ಗುವ ಹೊಗೆಯೇ ಹೊಸ ಗಾಳಿಯನ್ನು ಒಳಗೆ ಎಳೆಯುತ್ತದೆ, ಆದ್ದರಿಂದ ಅಲ್ಲಿ ಓವರ್‌ಲ್ಯಾಪ್ ಲಾಭ. ಐಡ್ಲಿಂಗ್‌ನಲ್ಲಿ ಉಲ್ಟಾ. ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಕಡಿಮೆ, ಎಕ್ಸಾಸ್ಟ್ ಕಡೆ ಜಾಸ್ತಿ. ಸುಟ್ಟ ಹೊಗೆ ಇನ್‌ಟೇಕ್ ಕಡೆಗೇ ವಾಪಸ್ ಬರುತ್ತದೆ. ಸಾಲದ್ದಕ್ಕೆ ಇಂಥ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ಮುಚ್ಚುವುದೂ ತಡ. ಮೇಲೆ ಬರುವ ಪಿಸ್ಟನ್ ಒಂದಿಷ್ಟು ಮಿಶ್ರಣವನ್ನು ಹಿಂದಕ್ಕೆ ತಳ್ಳುತ್ತದೆ. ಹೊಗೆ ಬೆರೆತ ಮಿಶ್ರಣ ಸರಿಯಾಗಿ ಉರಿಯುವುದಿಲ್ಲ. ಎಂಜಿನ್ ಆಫ್ ಆಗದಿರಲಿ ಅಂತ ನಾವು ಥ್ರಾಟಲ್ ಇನ್ನಷ್ಟು ತೆರೆಯುತ್ತೇವೆ. ಥ್ರಾಟಲ್ ತೆರೆದಷ್ಟೂ ವ್ಯಾಕ್ಯೂಮ್ ಇಳಿಯುತ್ತದೆ.

ಕ್ಯಾಮ್ ಕೊಳ್ಳುವ ಮುಂಚೆಯೇ ಓವರ್‌ಲ್ಯಾಪ್ ಲೆಕ್ಕ ಹಾಕಬಹುದು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಡ್ಯುರೇಶನ್ ಎರಡನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿ. ಅದರಲ್ಲಿ ಲೋಬ್ ಸೆಪರೇಶನ್ ಕಳೆಯಿರಿ. ಉಳಿದದ್ದನ್ನು ಎರಡರಿಂದ ಗುಣಿಸಿ. ನನ್ನ ಕ್ಯಾಮ್‌ಗೆ ಎರಡೂ 280, ಕೂಡಿಸಿದರೆ 560, ಅದನ್ನು ಭಾಗಿಸು 4 ಅಂದರೆ 140, ಅದರಲ್ಲಿ 110 ಹೋದರೆ 30, ದುಪ್ಪಟ್ಟು ಮಾಡಿದರೆ 60 ಡಿಗ್ರಿ. ಇದೇ ಡ್ಯುರೇಶನ್‌ಗೆ ಲೋಬ್ ಸೆಪರೇಶನ್ 114 ಇದ್ದರೆ 52, 106 ಇದ್ದರೆ 68. ಬೂಸ್ಟರ್ ಇರುವ ಗಾಡಿಗೆ 112 ಅಥವಾ 114ರ ಕ್ಯಾಮ್ ತಗೊಳ್ಳಿ ಅಂತ ಹೇಳುವುದು ಇದಕ್ಕೇ. ನಾನು 110 ತಗೊಂಡಿದ್ದು ಗೊತ್ತಿದ್ದೇ, ನನಗೆ ಮಧ್ಯದ ಆರ್‌ಪಿಎಂನಲ್ಲಿ ಎಳೆತ ಬೇಕಿತ್ತು.

ಎಷ್ಟು ಬೇಕು, ಎಷ್ಟಿದೆ

ವ್ಯಾಕ್ಯೂಮನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ. ಇಲ್ಲಿಂದ ಮುಂದೆ ವ್ಯಾಕ್ಯೂಮ್ ಮಾತಿನಲ್ಲಿ ಬರೀ ಇಂಚು ಅಂದರೆ ಅದೇ. ಸಮುದ್ರ ಮಟ್ಟದಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ 29.9 ಇಂಚು. ಆರೋಗ್ಯವಾಗಿರುವ ಕಂಪನಿ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಕೊಡುತ್ತದೆ. ಬೂಸ್ಟರ್ ನೆಮ್ಮದಿಯಾಗಿ ಕೆಲಸ ಮಾಡಲು 16ರಿಂದ 18 ಬೇಕು. 14ಕ್ಕಿಂತ ಕೆಳಗೆ ಹೋದರೆ ಕಾಲಿಗೆ ಗೊತ್ತಾಗುತ್ತದೆ.

ನನ್ನ ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ 850 ಆರ್‌ಪಿಎಂಗೆ ಗೇಜ್ 10 ಇಂಚು ತೋರಿಸಿತು. ಡ್ರೈವ್‌ಗೆ ಹಾಕಿದರೆ ಏಳೂವರೆ. ಬ್ರೇಕ್ ಒತ್ತಿ ನಿಂತಿರುವುದು ಡ್ರೈವ್‌ನಲ್ಲೇ ತಾನೆ, ಹಾಗಾಗಿ ಲೆಕ್ಕಕ್ಕೆ ಬರುವುದು ಆ ಏಳೂವರೆ. ಆಟೊಮ್ಯಾಟಿಕ್ ಗಾಡಿಯಲ್ಲಿ ನ್ಯೂಟ್ರಲ್ ರೀಡಿಂಗ್ ನೋಡಿ ಸಮಾಧಾನ ಪಡಬೇಡಿ. ಅಳೆಯುವಾಗ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಮುಂದೆ ಹಿಂದೆ ಅಡ್ಡ ಇಟ್ಟು, ಒಳಗೆ ಒಬ್ಬರನ್ನು ಪೆಡಲ್ ಮೇಲೆ ಕಾಲಿಟ್ಟು ಕೂರಿಸಿ.

ಬೂಸ್ಟರ್ ಒಳಗೆ ಇದು ಎಷ್ಟು ಬಲವಾಗುತ್ತದೆ ನೋಡಿ. 11 ಇಂಚು ವ್ಯಾಸದ ಡಯಾಫ್ರಮ್ ವಿಸ್ತೀರ್ಣ ಸುಮಾರು 613 ಚದರ ಸೆಂಟಿಮೀಟರ್. 18 ಇಂಚು ವ್ಯಾಕ್ಯೂಮ್ ಇದ್ದರೆ ಅದು ಸುಮಾರು 380 ಕೆಜಿ ಬಲದಿಂದ ಮಾಸ್ಟರ್ ಸಿಲಿಂಡರನ್ನು (ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವ ಭಾಗ) ತಳ್ಳಬಲ್ಲದು. ಏಳೂವರೆಗೆ ಬಂದರೆ 160 ಕೆಜಿ. ಡಯಾಫ್ರಮ್‌ನ ಅಂಚು, ನಡುವಿನ ರಾಡ್ ಇವುಗಳ ಭಾಗ ಕಳೆದರೆ ಎರಡೂ ಸ್ವಲ್ಪ ಕಡಿಮೆ ಆಗುತ್ತವೆ, ಆದರೆ ಅನುಪಾತ ಅದೇ. ಅರ್ಧಕ್ಕಿಂತ ಜಾಸ್ತಿ ಸಹಾಯ ಮಾಯ.

ಒಂದು ಗೇಜ್ ಸಾಲದು, ಎರಡು ಬೇಕು. ಒಂದು ಮ್ಯಾನಿಫೋಲ್ಡ್‌ಗೆ, ಇನ್ನೊಂದು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ದಾಟಿದ ಮೇಲೆ ಬೂಸ್ಟರ್ ಕಡೆಗೆ. ಎಂಜಿನ್ ಏನು ಕೊಡುತ್ತಿದೆ ಅನ್ನುವುದು ಮೊದಲನೆಯದರಲ್ಲಿ, ಬೂಸ್ಟರ್ ಹತ್ತಿರ ಏನು ಉಳಿದಿದೆ ಅನ್ನುವುದು ಎರಡನೆಯದರಲ್ಲಿ. ಈ ಎರಡನೇ ಗೇಜ್ ನೋಡುತ್ತಾ ಪೆಡಲ್ ತುಳಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮುಳ್ಳು ದೊಡ್ಡದಾಗಿ ಬೀಳುವುದು ತುಳಿದಾಗ ಅಲ್ಲ, ಬಿಟ್ಟಾಗ. ತುಳಿದಾಗ ಹೊರಗಿನ ಗಾಳಿ ಡಯಾಫ್ರಮ್‌ನ ಹಿಂದಿನ ಕೋಣೆಗೆ ಬರುತ್ತದೆ. ಬಿಟ್ಟಾಗ ಆ ಗಾಳಿ ಮುಂದಿನ ಕೋಣೆಗೆ ಹೋಗಿ, ಅಲ್ಲಿಂದ ಎಂಜಿನ್ ಎಳೆದುಕೊಳ್ಳಬೇಕು. ಎರಡನೇ ಸಲ ತುಳಿದಾಗ ಪೆಡಲ್ ಗಟ್ಟಿಯಾಗುವುದು ಇಲ್ಲೇ. ಎಳೆದುಕೊಳ್ಳಲು ಎಂಜಿನ್‌ಗೆ ತಾಕತ್ತೂ ಇಲ್ಲ, ನಾವು ಸಮಯವೂ ಕೊಡಲಿಲ್ಲ.

ಮೊದಲು ಸೋರಿಕೆ

ಕ್ಯಾಮ್ ಮೇಲೆ ಎಲ್ಲ ತಪ್ಪು ಹೊರಿಸುವ ಮುಂಚೆ ಬೂಸ್ಟರ್ ನೋಡಿದೆ. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಇಳಿಯಬೇಕು. ಇಳಿಯಿತು. ನಂತರ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ತುಳಿದರೆ ಒಂದೆರಡು ಸಲ ಮೆತ್ತಗೆ ಇಳಿಯಬೇಕು. ಅದೂ ಸರಿ ಇತ್ತು. ಡಯಾಫ್ರಮ್, ಚೆಕ್ ವಾಲ್ವ್ ಎರಡೂ ಪಾಸ್.

ಎಂಜಿನ್ ಕಡೆ ಮಾತ್ರ ಒಂದು ಸಿಕ್ಕಿತು. ಎಂಜಿನ್ ಆಫ್ ಮಾಡಿ ಇನ್‌ಟೇಕ್ ಒಳಗೆ ಹೊಗೆ ಬಿಟ್ಟು ನೋಡಿದಾಗ ಕಾರ್ಬೊರೇಟರ್ ತಳದ ಗ್ಯಾಸ್ಕೆಟ್‌ನ ಒಂದು ಮೂಲೆಯಲ್ಲಿ ಸಣ್ಣಗೆ ಹೊರಗೆ ಬಂತು. ಗ್ಯಾಸ್ಕೆಟ್ ಬದಲಿಸಿದೆ, ಮುಳ್ಳು ಅರ್ಧ ಇಂಚು ಮೇಲೆ ಹೋಯಿತು. ಕ್ಲೀನರ್ ಸ್ಪ್ರೇ ಹೊಡೆದು ಎಂಜಿನ್ ಶಬ್ದ ಬದಲಾಗುತ್ತಾ ಅಂತ ಕೇಳುವ ವಿಧಾನವೂ ಇದೆ. ಇಂಥ ಕ್ಯಾಮ್‌ನಲ್ಲಿ ಎಂಜಿನ್ ತಾನೇ ಕುಲುಕುತ್ತಿರುವುದರಿಂದ ಆ ಬದಲಾವಣೆ ಕಿವಿಗೆ ಸಿಗುವುದು ಕಷ್ಟ. ಮೇಲಾಗಿ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಉರಿಯುವ ಸ್ಪ್ರೇ ನನಗೆ ಇಷ್ಟವಿಲ್ಲ.

ಟೈಮಿಂಗ್

ಟೈಮಿಂಗ್ ಅಂದರೆ ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಅನ್ನುವುದು. ದುಡ್ಡಿಲ್ಲದೆ ಜಾಸ್ತಿ ವ್ಯಾಕ್ಯೂಮ್ ಸಿಗುವುದು ಇಲ್ಲಿ. ಹೊಗೆ ಬೆರೆತ ಮಿಶ್ರಣ ನಿಧಾನ ಉರಿಯುತ್ತದೆ. ನಿಧಾನ ಉರಿಯುವುದಕ್ಕೆ ಕಿಡಿ ಬೇಗ ಕೊಡಬೇಕು. ಬೇಗ ಕೊಟ್ಟರೆ ಅದೇ ಥ್ರಾಟಲ್‌ನಲ್ಲಿ ಆರ್‌ಪಿಎಂ ಏರುತ್ತದೆ. ಏರಿದ ಆರ್‌ಪಿಎಂ ಇಳಿಸಲು ಥ್ರಾಟಲ್ ಸ್ಕ್ರೂ ಹಿಂದಕ್ಕೆ ತಿರುಗಿಸುತ್ತೀರಿ. ವ್ಯಾಕ್ಯೂಮ್ ಏರುವುದು ಆ ಹೆಜ್ಜೆಯಲ್ಲಿ. ಟೈಮಿಂಗ್ ಬದಲಿಸಿ ಥ್ರಾಟಲ್ ಹಾಗೇ ಬಿಟ್ಟರೆ ಅರ್ಧ ಲಾಭ ಅಷ್ಟೇ.

ಮೊದಲು ಇದ್ದದ್ದು ಕಂಪನಿ ಲೆಕ್ಕದ 8 ಡಿಗ್ರಿ. ಅದನ್ನು 16ಕ್ಕೆ ತಂದೆ. ಆದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ತೂಕಗಳು ಆರ್‌ಪಿಎಂ ಏರಿದಂತೆ ಇನ್ನೂ 28 ಡಿಗ್ರಿ ಸೇರಿಸುತ್ತವೆ. 8 ಮತ್ತು 28 ಸೇರಿ 36, ಅದು ಈ ಎಂಜಿನ್‌ಗೆ ಸರಿ. 16 ಮತ್ತು 28 ಸೇರಿದರೆ 44. ಲೋಡ್ ಬಿದ್ದಾಗ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್‌ಗೇ ಏಟು ಬೀಳುತ್ತದೆ. ಅದಕ್ಕೆ ಅಡ್ವಾನ್ಸ್ ಪಿನ್ ಚಲಿಸುವ ಸೀಳಿಗೆ ಬುಷ್ ಹಾಕಿ 20 ಡಿಗ್ರಿಗೆ ನಿಲ್ಲಿಸಿದೆ. ಒಟ್ಟು ಮತ್ತೆ 36. ವ್ಯಾಕ್ಯೂಮ್ ಅಡ್ವಾನ್ಸ್ (ವ್ಯಾಕ್ಯೂಮ್ ಬಳಸಿ ಕಿಡಿಯನ್ನು ಇನ್ನಷ್ಟು ಬೇಗ ಮಾಡುವ ಡಬ್ಬಿ) ಪೈಪ್ ಕಳಚಿ, ಟೈಮಿಂಗ್ ಲೈಟ್ ಹಿಡಿದು, 3000 ಆರ್‌ಪಿಎಂ ದಾಟಿಸಿ ಖಾತ್ರಿ ಮಾಡಿಕೊಂಡೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಇನ್ನು ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿ. ಅದರ ಪೈಪ್ ಕಾರ್ಬೊರೇಟರ್‌ನಲ್ಲಿ ಥ್ರಾಟಲ್ ಬ್ಲೇಡ್‌ಗಿಂತ ಮೇಲಿನ ಪೋರ್ಟ್‌ಗೆ ಇತ್ತು. ಐಡ್ಲಿಂಗ್‌ನಲ್ಲಿ ಅಲ್ಲಿ ವ್ಯಾಕ್ಯೂಮ್ ಇರುವುದಿಲ್ಲ. ಅದನ್ನು ನೇರ ಮ್ಯಾನಿಫೋಲ್ಡ್‌ಗೆ ಕೊಟ್ಟೆ, ಐಡ್ಲಿಂಗ್‌ನಲ್ಲೇ ಇನ್ನೂ 10 ಡಿಗ್ರಿ ಸಿಕ್ಕಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಡಬ್ಬಿಗೆ ಪೂರ್ತಿ ಎಳೆಯಲು 15 ಇಂಚು ಬೇಕಿತ್ತು, ನನ್ನ ಹತ್ತಿರ ಅಷ್ಟಿಲ್ಲ. ಹಾಗಾದರೆ ಡಬ್ಬಿ ಅರ್ಧಕ್ಕೆ ನಿಂತು ಮುಳ್ಳಿನ ಜೊತೆ ತಾನೂ ಅಲುಗುತ್ತದೆ, ಟೈಮಿಂಗ್ ಅಲುಗುತ್ತದೆ, ಐಡ್ಲಿಂಗ್ ಇನ್ನೂ ಕೆಡುತ್ತದೆ. 8 ಇಂಚಿಗೇ ಪೂರ್ತಿ ಎಳೆಯುವ ಡಬ್ಬಿ ಹಾಕಿದೆ. ಐಡ್ಲಿಂಗ್ ವ್ಯಾಕ್ಯೂಮ್‌ಗಿಂತ ಎರಡು ಇಂಚು ಕಡಿಮೆಯಲ್ಲೇ ಪೂರ್ತಿ ಎಳೆಯುವಂಥದ್ದು ನೋಡಿ ತಗೊಳ್ಳಿ.

ಇಷ್ಟಕ್ಕೆ ನ್ಯೂಟ್ರಲ್‌ನಲ್ಲಿ 12 ದಾಟಿತು.

ಕಾರ್ಬೊರೇಟರ್

ಥ್ರಾಟಲ್ ಸ್ಕ್ರೂ ಹಿಂದಕ್ಕೆ ಹೋದದ್ದರಿಂದ ಇನ್ನೊಂದು ಉಪಕಾರ ಆಯಿತು. ಕಾರ್ಬೊರೇಟರ್ ಗೋಡೆಯಲ್ಲಿ ಟ್ರಾನ್ಸ್‌ಫರ್ ಸ್ಲಾಟ್ ಅಂತ ಉದ್ದನೆಯ ಸೀಳು ಇರುತ್ತದೆ. ಐಡ್ಲಿಂಗ್‌ನಲ್ಲಿ ಬ್ಲೇಡ್‌ನ ಕೆಳಗೆ ಅದು ಪುಟ್ಟ ಚೌಕದಷ್ಟು, ಸುಮಾರು ಅರ್ಧ ಮಿಲಿಮೀಟರ್ ಮಾತ್ರ ಕಾಣಬೇಕು. ಬ್ಲೇಡ್ ಜಾಸ್ತಿ ತೆರೆದಿದ್ದರೆ ಸೀಳಿನಿಂದಲೇ ಪೆಟ್ರೋಲ್ ಸುರಿಯುತ್ತದೆ. ಆಗ ಐಡ್ಲಿಂಗ್‌ನ ಪೆಟ್ರೋಲ್ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕೇಳುವುದಿಲ್ಲ. ನನ್ನದು ಮೊದಲು ಹಾಗೇ ಇತ್ತು. ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿದರೂ ಎಂಜಿನ್ ಓಡುತ್ತಲೇ ಇತ್ತು.

ಟೈಮಿಂಗ್ ಆದ ಮೇಲೂ ಸ್ಲಾಟ್ ಒಂದಿಷ್ಟು ಜಾಸ್ತಿಯೇ ಕಾಣುತ್ತಿತ್ತು. ಕಾರ್ಬೊರೇಟರ್ ಇಳಿಸಿ, ಕವುಚಿ ಹಾಕಿ, ಹಿಂದಿನ ಎರಡು ಬ್ಯಾರಲ್‌ಗಳ ಸ್ಟಾಪ್ ಸ್ಕ್ರೂ ಕಾಲು ಸುತ್ತು ತೆರೆದೆ. ಬೇಕಾದ ಗಾಳಿ ಅಲ್ಲಿಂದ ಬಂತು, ಮುಂದಿನ ಬ್ಲೇಡ್ ಮುಚ್ಚಿಕೊಂಡಿತು. ಇದೂ ಸಾಲದಿದ್ದರೆ ಬ್ಲೇಡ್‌ಗೆ ಸಣ್ಣ ತೂತು ಕೊರೆಯುತ್ತಾರೆ. ನನಗೆ ಅಲ್ಲಿತನಕ ಹೋಗಬೇಕಾಗಿ ಬರಲಿಲ್ಲ, ಒಳ್ಳೆಯದೇ ಆಯಿತು. ಕೊರೆದ ತೂತು ವಾಪಸ್ ಮುಚ್ಚೋದು ಯಾರಿಗೆ ಬೇಕು.

ಅಲ್ಲಿಂದ ಮುಂದೆ ಮಿಕ್ಸ್ಚರ್ ಸ್ಕ್ರೂಗಳ ಕೆಲಸ. ಒಂದೊಂದನ್ನೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮುಳ್ಳು ಅತಿ ಮೇಲೆ ನಿಲ್ಲುವ ಜಾಗ ಹುಡುಕಬೇಕು. ಆಟೊಮ್ಯಾಟಿಕ್ ಆದ್ದರಿಂದ ಕೊನೆಯ ಹೊಂದಾಣಿಕೆ ಡ್ರೈವ್‌ನಲ್ಲಿ, ಮೇಲೆ ಹೇಳಿದ ಎಚ್ಚರಿಕೆಗಳ ಜೊತೆ.

ಪವರ್ ವಾಲ್ವ್ ಕೂಡ ನೋಡಲೇಬೇಕು. ಹಾಲಿ ಕಾರ್ಬೊರೇಟರ್‌ನಲ್ಲಿ ವ್ಯಾಕ್ಯೂಮ್ ಒಂದು ಮಟ್ಟಕ್ಕಿಂತ ಇಳಿದರೆ ಇದು ತೆರೆದು ಜಾಸ್ತಿ ಪೆಟ್ರೋಲ್ ಕೊಡುತ್ತದೆ. ನನ್ನದರಲ್ಲಿ ಇದ್ದದ್ದು 6.5 ಇಂಚಿಗೆ ತೆರೆಯುವಂಥದ್ದು. ಡ್ರೈವ್‌ನಲ್ಲಿ ಏಳೂವರೆಯ ಸುತ್ತ ಮುಳ್ಳು ಕುಣಿಯುತ್ತಿದ್ದಾಗ ಇದು ಐಡ್ಲಿಂಗ್‌ನಲ್ಲೇ ಆಗಾಗ ತೆರೆದುಕೊಳ್ಳುತ್ತಿತ್ತು. ಪ್ಲಗ್ ಕಪ್ಪಾಗಿದ್ದಕ್ಕೆ ಕಾರಣ ಅದೇ. ಡ್ರೈವ್‌ನಲ್ಲಿನ ರೀಡಿಂಗ್‌ನ ಸುಮಾರು ಅರ್ಧ ಅನ್ನುವುದು ರೂಢಿ. 4.5ರದು ಹಾಕಿದೆ.

ಎಲ್ಲ ಮುಗಿಸಿ ನೋಡಿದಾಗ ನ್ಯೂಟ್ರಲ್‌ನಲ್ಲಿ 13, ಡ್ರೈವ್‌ನಲ್ಲಿ ಹತ್ತೂವರೆ. ಬೂಸ್ಟರ್ ಬಲ 160ರಿಂದ ಸುಮಾರು 220 ಕೆಜಿಗೆ ಬಂತು. ಎಂಜಿನ್ ಸ್ವಭಾವವೂ ಎಷ್ಟೋ ಸುಧಾರಿಸಿತು. ಆದರೆ ಬ್ರೇಕ್‌ಗೆ ಇದು ಸಾಲದು. ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ಕೊಡುವ ಭಾಗ) ಸಡಿಲದ್ದು, ಅಂದರೆ ಸ್ಟಾಲ್ ಸ್ಪೀಡ್ ಜಾಸ್ತಿ ಇರುವುದು ಹಾಕಿದರೆ ಡ್ರೈವ್‌ನಲ್ಲಿ ಎಂಜಿನ್ ಮೇಲಿನ ಭಾರ ಇಳಿದು ಇನ್ನೊಂದಿಷ್ಟು ಸಿಗುತ್ತದೆ. ಬರೀ ಬ್ರೇಕ್‌ಗೋಸ್ಕರ ಗೇರ್‌ಬಾಕ್ಸ್ ಇಳಿಸಲು ಮನಸ್ಸು ಬರಲಿಲ್ಲ.

ಟ್ಯಾಂಕ್, ದೊಡ್ಡ ಬೂಸ್ಟರ್, ಮತ್ತೆ ಬೇರೆ ದಾರಿಗಳು

ವ್ಯಾಕ್ಯೂಮ್ ಟ್ಯಾಂಕ್ ಹಾಕು ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ಅದು ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ, ಮೋಟರ್ ಇಲ್ಲದೆ ತಾನಾಗಿ ತುಂಬುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಸಿಗುವ ಒಳ್ಳೆಯ ವ್ಯಾಕ್ಯೂಮನ್ನು ಚೆಕ್ ವಾಲ್ವ್ ಹಿಂದೆ ಹಿಡಿದಿಟ್ಟು, ಇನ್ನೊಂದೆರಡು ಸಲ ತುಳಿಯುವಷ್ಟು ಸಹಾಯ ಕೊಡುತ್ತದೆ. ಅಷ್ಟು ನಿಜ. ಉದ್ದನೆಯ ಟ್ರಾಫಿಕ್‌ನಲ್ಲಿ ತೆವಳುವಾಗ ಮಾತ್ರ ಅದು ಖಾಲಿಯಾಗಿ, ಎಂಜಿನ್‌ನ ಹತ್ತೂವರೆಗೇ ಬಂದು ನಿಲ್ಲುತ್ತದೆ.

ಎರಡು ಡಯಾಫ್ರಮ್‌ನ ಬೂಸ್ಟರ್ ಯೋಚಿಸಿದೆ. 8 ಇಂಚಿನ ಜೋಡಿಯ ವಿಸ್ತೀರ್ಣ ಸುಮಾರು 650 ಚದರ ಸೆಂಟಿಮೀಟರ್, ನನ್ನ 11 ಇಂಚಿನ ಒಂಟಿಗಿಂತ ಅಂಥ ಲಾಭ ಇಲ್ಲ. 9 ಇಂಚಿನ ಜೋಡಿ ಆದರೆ 820, ಅಂದರೆ ಮೂರನೇ ಒಂದು ಭಾಗ ಜಾಸ್ತಿ. ಆದರೆ ಅದು ಉದ್ದ ಇದೆ, ವಾಲ್ವ್ ಕವರ್‌ಗೆ ತಾಗುತ್ತದೆ. ಜಾಗ ಸಾಲದು ಅಂತ 7 ಇಂಚಿನ ಒಂಟಿ ಬೂಸ್ಟರ್ ಹಾಕಿ, ಮೇಲಿಂದ ದೊಡ್ಡ ಕ್ಯಾಮ್ ಹಾಕಿದವರ ಗಾಡಿ ನೋಡಿದರೆ ಭಯ ಆಗುತ್ತದೆ. ಅದರ ವಿಸ್ತೀರ್ಣ 250 ಕೂಡ ಇಲ್ಲ.

ಬೂಸ್ಟರ್ ತೆಗೆದು ಬರೀ ಮ್ಯಾನುಯಲ್ ಬ್ರೇಕ್ ಮಾಡಬಹುದು. ಅದಕ್ಕೆ ಪೆಡಲ್ ಅನುಪಾತ (ಪೆಡಲ್ ಲಿವರ್ ಕಾಲಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) 6:1ರ ಹತ್ತಿರ ಬೇಕು, ಮಾಸ್ಟರ್ ಸಿಲಿಂಡರ್ ಬೋರ್ (ಒಳ ವ್ಯಾಸ) ಕೂಡ ಚಿಕ್ಕದಾಗಬೇಕು. ಬೂಸ್ಟರ್ ಮಾತ್ರ ಕಿತ್ತು ಉಳಿದದ್ದು ಹಾಗೇ ಬಿಟ್ಟರೆ ಗಾಡಿ ಸುಲಭಕ್ಕೆ ನಿಲ್ಲುವುದಿಲ್ಲ. ಹೈಡ್ರೋಬೂಸ್ಟ್ ಇನ್ನೊಂದು ದಾರಿ. ಅದು ಪವರ್ ಸ್ಟೀರಿಂಗ್ ಪಂಪ್‌ನ ಒತ್ತಡ ಬಳಸುತ್ತದೆ, ವ್ಯಾಕ್ಯೂಮ್ ಬೇಕೇ ಇಲ್ಲ. ಇದಕ್ಕಿಂತ ದೊಡ್ಡ ಕ್ಯಾಮ್ ಇದ್ದಿದ್ದರೆ ನಾನು ಅದನ್ನೇ ಹಾಕುತ್ತಿದ್ದೆ.

ಎಲೆಕ್ಟ್ರಿಕ್ ಪಂಪ್

ಡೀಸೆಲ್ ಎಂಜಿನ್‌ಗಳು ಹಿಂದಿನಿಂದಲೂ ಬ್ರೇಕ್‌ಗೆ ಬೇರೆ ಪಂಪ್ ಇಟ್ಟುಕೊಂಡಿವೆ, ಅವಕ್ಕೆ ಪೆಟ್ರೋಲ್ ಎಂಜಿನ್ನಿನ ಹಾಗೆ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟ್ ವ್ಯಾಕ್ಯೂಮ್ ಪಂಪ್ ಬಂತು. ಅಂಥದ್ದೇ ಒಂದು ವೇನ್ ಪಂಪ್ ತಂದೆ.

ಪೈಪ್ ಜೋಡಿಸಿದ ರೀತಿ ಮುಖ್ಯ. ಮ್ಯಾನಿಫೋಲ್ಡ್‌ನಿಂದ ಬರುವ ಪೈಪ್‌ಗೆ ಒಂದು ಚೆಕ್ ವಾಲ್ವ್. ಪಂಪ್‌ನಿಂದ ಬರುವ ಪೈಪ್‌ಗೆ ಇನ್ನೊಂದು. ಎರಡೂ ದಾಟಿದ ಮೇಲೆ ಟಿ ಜಾಯಿಂಟ್‌ನಲ್ಲಿ ಸೇರಿ ಬೂಸ್ಟರ್‌ಗೆ ಹೋಗುತ್ತವೆ. ಮ್ಯಾನಿಫೋಲ್ಡ್ ಕಡೆ ಚೆಕ್ ವಾಲ್ವ್ ಇಲ್ಲದಿದ್ದರೆ ಪಂಪ್ ಇಡೀ ಎಂಜಿನ್ನಿನ ಗಾಳಿ ಎಳೆಯಲು ಹೋಗಿ ಸೋಲುತ್ತದೆ. ಪಂಪ್ ಕಡೆ ಇಲ್ಲದಿದ್ದರೆ, ಅದು ನಿಂತಾಗ ಅದರ ಮೂಲಕವೇ ಗಾಳಿ ಒಳಗೆ ಸೋರುತ್ತದೆ. ಹೀಗೆ ಮಾಡಿದರೆ ಎಂಜಿನ್, ಪಂಪ್ ಇವೆರಡರಲ್ಲಿ ಯಾವುದು ಜಾಸ್ತಿ ಎಳೆಯುತ್ತದೋ ಅದು ಬೂಸ್ಟರ್‌ಗೆ ಸಿಗುತ್ತದೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಪೈಪ್ ಮಾತ್ರ ಬ್ರೇಕ್ ಬೂಸ್ಟರ್‌ಗೆ ಅಂತಲೇ ಮಾಡಿದ್ದು ಇರಲಿ. ತೆಳ್ಳಗಿನ ರಬ್ಬರ್ ಪೈಪ್ ಬಿಸಿಗೆ ಮೆತ್ತಗಾಗಿ ಒಳಗೇ ಚಪ್ಪಟೆಯಾಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಗೆ, ಅಲ್ಲಿಂದ ಪಂಪ್‌ಗೆ. ರಿಲೇಯನ್ನು ವ್ಯಾಕ್ಯೂಮ್ ಸ್ವಿಚ್ ನಡೆಸುತ್ತದೆ. ಆ ಸ್ವಿಚ್‌ಗೆ ಕರೆಂಟ್ ಕೀ ಆನ್ ಆದಾಗ ಮಾತ್ರ. ಸ್ವಿಚ್ ಬೂಸ್ಟರ್ ಕಡೆಯ ಪೈಪ್‌ಗೇ ಇರಬೇಕು. ನನ್ನದನ್ನು 15 ಇಂಚಿಗೆ ಆನ್, 19ಕ್ಕೆ ಆಫ್ ಆಗುವಂತೆ ಇಟ್ಟೆ. ಎರಡರ ನಡುವೆ ಅಂತರ ಕಡಿಮೆ ಇಟ್ಟರೆ ಪಂಪ್ ಸುಮ್ನೆ ಆನ್ ಆಫ್ ಆಗುತ್ತಲೇ ಇರುತ್ತದೆ.

ಆಫ್ ಮಟ್ಟವನ್ನು ತೀರಾ ಮೇಲಿಡುವ ಆಸೆ ಬೇಡ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ ಆಗುತ್ತದೆ. 5000 ಅಡಿಯಲ್ಲಿ ವಾತಾವರಣದ ಒತ್ತಡವೇ 25 ಇಂಚಿನ ಹತ್ತಿರ. ಪಂಪ್ ಅದರಲ್ಲಿ 85 ಶೇಕಡಾ ಎಳೆದರೂ 21. ಸ್ವಿಚ್ 22ಕ್ಕೆ ಆಫ್ ಆಗುವಂತೆ ಇಟ್ಟಿದ್ದರೆ ಬೆಟ್ಟ ಹತ್ತಿದ ಮೇಲೆ ಪಂಪ್ ನಿಲ್ಲುವುದೇ ಇಲ್ಲ, ಸುಟ್ಟುಹೋಗುವ ತನಕ ಓಡುತ್ತದೆ.

ಪಂಪನ್ನು ಮೊದಲು ಫೈರ್‌ವಾಲ್‌ಗೆ ಕಟ್ಟಿ ನೋಡಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಗುಂಯ್ ಅನ್ನುತ್ತಿತ್ತು. ಮುಂದಿನ ಫೆಂಡರ್ ಒಳಗೆ, ಎಕ್ಸಾಸ್ಟ್ ಬಿಸಿಯಿಂದ ದೂರ, ರಬ್ಬರ್ ಬುಷ್ ಮೇಲೆ ಕೂರಿಸಿದ ಮೇಲೆ ಎಂಜಿನ್ ಶಬ್ದದಲ್ಲಿ ಮುಳುಗಿಹೋಯಿತು.

ಪರೀಕ್ಷೆ

ಎಂಜಿನ್ ಆಫ್, ಕೀ ಆನ್. ಪಂಪ್ ಕೆಲವೇ ಸೆಕೆಂಡಿನಲ್ಲಿ 19ಕ್ಕೆ ತಂದು ನಿಂತಿತು. ಕೀ ಆಫ್ ಮಾಡಿ ಕಾಲು ಗಂಟೆ ಬಿಟ್ಟೆ, ಮುಳ್ಳು ಒಂದು ಇಂಚು ಕೂಡ ಬೀಳಲಿಲ್ಲ. ಆಮೇಲೆ ಬಿಸಿ ಎಂಜಿನ್, ಡ್ರೈವ್, ಹೆಡ್‌ಲೈಟ್ ಆನ್. ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ಅಷ್ಟೇನೂ ಕರೆಂಟ್ ಕೊಡುವುದಿಲ್ಲ, ಪಂಪ್ ಒಬ್ಬನೇ ಸುಮಾರು ಹತ್ತು ಆಂಪಿಯರ್ ಕೇಳುತ್ತಾನೆ. ವೋಲ್ಟ್ ಮೀಟರ್ 13ಕ್ಕಿಂತ ಕೆಳಗೆ ಹೋಗದಿದ್ದದ್ದು ನೋಡಿ ಮುಂದೆ ಹೋದೆ. ಪೆಡಲ್ ಸಾಲಾಗಿ ತುಳಿದು ಬಿಟ್ಟೆ. ಮುಳ್ಳು 14ರ ತನಕ ಬಿದ್ದು ಮತ್ತೆ ಏರಿತು. ಕಾಲಿಗೆ ಮೊದಲ ಸಲಕ್ಕೂ ಕೊನೆಯ ಸಲಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ.

ಖಾಲಿ ಜಾಗದಲ್ಲಿ ನಿಧಾನ ವೇಗದಲ್ಲಿ ಪಂಪ್‌ನ ಫ್ಯೂಸ್ ಕಿತ್ತು ಕೂಡ ಓಡಿಸಿ ನೋಡಿದೆ. ಪೆಡಲ್ ಭಾರ ಆಗುತ್ತದೆ, ಆದರೆ ಎಂಜಿನ್ ಕೊಡುವ ಹತ್ತೂವರೆಯಲ್ಲಿ ಗಾಡಿ ನಿಲ್ಲುತ್ತದೆ. ಟೈಮಿಂಗ್, ಕಾರ್ಬೊರೇಟರ್ ಮುಟ್ಟದೆ ನೇರ ಪಂಪ್ ಹಾಕಿದ್ದರೆ ಇಲ್ಲಿ ಮತ್ತೆ ಆ ಏಳೂವರೆಯೇ ಸಿಗುತ್ತಿತ್ತು.

ಫ್ಯೂಸ್ ಹೋದದ್ದು ಓಡಿಸುವವರಿಗೆ ತಿಳಿಯಬೇಕಲ್ಲ. ಅದಕ್ಕೆ ಬೂಸ್ಟರ್ ಪೈಪ್‌ಗೆ ಇನ್ನೊಂದು ಸ್ವಿಚ್ ಹಾಕಿ, 12 ಇಂಚಿಗಿಂತ ಇಳಿದರೆ ಡ್ಯಾಶ್‌ನಲ್ಲಿ ಕೆಂಪು ದೀಪ ಹತ್ತುವಂತೆ ವೈರ್ ಎಳೆದಿದ್ದೇನೆ. ಬೂಸ್ಟರ್ ಖಾಲಿ ಇರುವಾಗ ಕೀ ಆನ್ ಮಾಡಿದರೆ, ಪಂಪ್ ತುಂಬುವ ತನಕ ಅದು ಕ್ಷಣ ಹತ್ತಿ ಆರುತ್ತದೆ. ಬಲ್ಬ್ ಸರಿ ಇದೆಯಾ ಅನ್ನುವ ಪರೀಕ್ಷೆಯೂ ಅಲ್ಲೇ ಆಗಿಹೋಗುತ್ತದೆ.